ಆಂಟೆನಾ ಬೆಟ್ಟದ ಗುರುವಾರ

ಮಾತಿಗೂ ಮೌನಕ್ಕೂ ಒಡೆಯನಾದ ಪರಮಾತ್ಮನೇ, ನಿನಗೆ ವಂದನೆ. ನಾಲಗೆಯನ್ನು ಕೊಟ್ಟೆ, ಅದನ್ನು ಕಾಯಲು ಹಲ್ಲುಗಳ ಬೇಲಿಯನ್ನೂ ಕಟ್ಟಿದೆ. ಆ ಬೇಲಿಯ ಬಾಗಿಲಿಗೆ ಅಗಳಿ ಹಾಕಲು ಮರೆತ ನಮ್ಮಂಥವರ ಕಥೆಯಿದು; ಸೈರಿಸಿ ಕೇಳು.

ಪಾಪಾಸುಕಳ್ಳಿಯ ಮರೆಯಲ್ಲಿ ಕುಕ್ಕರಗಾಲಿನಲ್ಲಿ ಕುಳಿತ ಎವರಿಸ್ತೋ ಮೇಷ್ಟರಿಗೆ ಮೊದಲು ನೆನಪಾದದ್ದು ತಮ್ಮ ಮೊಣಕಾಲು. ಹೆಂಡತಿಯ ನಡತೆಯ ಚಿಂತೆ ಅನಂತರದ್ದು. ಜೀವಮಾನವಿಡೀ ಲ್ಯಾಟಿನ್ ವ್ಯಾಕರಣ ಕಲಿಸಿದ ವಿದ್ವಾಂಸ, ಈಗ ಮುಳ್ಳಿನ ನಡುವೆ ಬೇಹುಗಾರ! ತಮ್ಮ ಅವಸ್ಥೆಗೆ ತಮಗೇ ನಗು ಬಂತು. ಆದರೆ ಹೆಂಡತಿ ಒಬ್ದುಲಿಯಾ ಕೈಬಿಟ್ಟು ಹೋದರೆ? ಆ ಮನೆಯಲ್ಲಿ ತಮ್ಮ ಮಾತು ಕೇಳುವವರು ಯಾರು?

ಎದುರಿಗೆ ಆಂಟೆನಾ. ಮೆಕ್ಸಿಕೋದ ಬೆಟ್ಟಸಾಲಿನ ನಮ್ಮ ಸಾನ್ ಗಾಬಿನೋದಲ್ಲಿ ಚರ್ಚಿಗಿಂತ ಎತ್ತರವಾದದ್ದು ಈ ಕಬ್ಬಿಣದ ಗೋಪುರವೊಂದೇ. ಮಬ್ಬುಗಣ್ಣಿನ ಭಕ್ತರು ಚರ್ಚೆಂದು ಬಗೆದು ಎದೆಯ ಮೇಲೆ ಬರೆಯುವ ಶಿಲುಬೆಯ ಗುರುತು ಎಷ್ಟೋ ಬಾರಿ ಇದಕ್ಕೇ ಸಲ್ಲುತ್ತದೆ. ಮೇಷ್ಟರದೂ ಅಷ್ಟೇ.

ಪ್ರತಿ ಗುರುವಾರ ಒಬ್ದುಲಿಯಾ ಬುಟ್ಟಿಯಲ್ಲಿ ಜೋಳದ ಹಿಟ್ಟಿನ ತಮಾಲೆ ಕಡುಬು ತುಂಬಿಕೊಂಡು ಈ ಬೆಟ್ಟ ಹತ್ತುತ್ತಿದ್ದಳು. ಆಗ ಫೋನು ಮಾಡಿದರೆ ಎತ್ತುತ್ತಿರಲಿಲ್ಲ. ಊರಿಗೆಲ್ಲ ಫೋನು ಕೊಡುವ ಗೋಪುರದ ಬುಡದಲ್ಲಿದ್ದೂ ಎತ್ತದವಳು ಬೇಕೆಂದೇ ಎತ್ತದವಳಲ್ಲವೇ? ತರ್ಕದಲ್ಲಿ ಲೋಪವೇ ಇರಲಿಲ್ಲ.

ಭಾನುವಾರ ಪ್ರಾರ್ಥನೆ ಮುಗಿದ ಮೇಲೆ ಅವಳು ಗೋಪುರದ ಕಾವಲುಗಾರ ನಾಬೋರನೊಡನೆ ಪಿಸುಗುಟ್ಟಿದ್ದನ್ನೂ ಅವರು ಕೇಳಿಸಿಕೊಂಡಿದ್ದರು.

"ಸೆನ್ಯಾಲ್ ಹೇಗಿದೆಯಪ್ಪಾ?"

"ನಿಮಗೆ ಬೇಕಾದ ಹಾಗೇ ಇದೆ, ಅಮ್ಮಾವ್ರೇ."

ನಮ್ಮ ಸ್ಪ್ಯಾನಿಷ್ ನುಡಿಯಲ್ಲಿ ಸೆನ್ಯಾಲ್ ಎಂದರೆ ದೇವರ ಸೂಚನೆಯೂ ಹೌದು, ಪ್ರಣಯಿಗಳ ಸನ್ನೆಯೂ ಹೌದು, ಇನ್ನೂ ಏನೇನೋ ಹೌದು. ಪಂಡಿತರು ಬಹಳ ವಿಚಾರಮಾಡಿ ಎರಡನೆಯ ಅರ್ಥವನ್ನು ಆರಿಸಿಕೊಂಡಿದ್ದರು.

"ಎದ್ದು ಬನ್ನಿ ಮೇಷ್ಟ್ರೇ," ಗೋಪುರದ ಕಡೆಯಿಂದ ನಾಬೋರ್ ಕೂಗಿದ. "ಆ ಕಳ್ಳಿ ಮುಳ್ಳು ಒಳಗೆ ಹೋದ್ರೆ ಕೂರೋದು ಕಷ್ಟ."

ಮೇಷ್ಟರು ಆದಷ್ಟು ಗಾಂಭೀರ್ಯದಿಂದ ಎದ್ದರು. "ನಿನ್ನ ಸನ್ನೆ ನೋಡಿ ಬರ್ತಾಳೇನೋ ನನ್ನ ಹೆಂಡ್ತಿ?"

"ನನ್ನ ಸನ್ನೆಗಾ? ನಾನು ಕರೆದ್ರೆ ನಮ್ಮನೆ ಮೇಕೆನೂ ಬರಲ್ಲ!"

"ಹಾಗಾದ್ರೆ ಇಲ್ಲಿ ಏನು ನಡೀತಿದೆ?"

"ಏನೂ ಇಲ್ಲ. ಅದಕ್ಕೇ ಬರ್ತಾರೆ."

ಗೋಪುರದ ನೆರಳಿನಲ್ಲಿ ಒಬ್ದುಲಿಯಾ ಒಬ್ಬಳೇ ಕುಳಿತಿದ್ದಳು. ಚಪ್ಪಲಿ ಬಿಟ್ಟು, ಕಣ್ಣು ಮುಚ್ಚಿ, ಮುಗುಳ್ನಗುತ್ತ. ಮದುವೆಯ ಹೊಸತರಲ್ಲಿ ಕಂಡಿದ್ದ ಮುಖ ಅದು. ಮೇಷ್ಟರು ಅವಳೆದುರಿಗೆ ಹೋಗಿ ನಿಂತರು.

"ಯಾರಿಗೋಸ್ಕರ ಈ ನಗು? ಹೇಳಿಬಿಡು ಒಬ್ದುಲಿಯಾ. ನಾನು ತಡ್ಕೋತೀನಿ."

ಅವಳು ಕಣ್ಣು ತೆರೆದಳು. "ಅಯ್ಯೋ ಮುದ್ಕಾ! ಇಲ್ಲಿಗೂ ಬಂದ್ಯಾ?"

"ದಾರಿಯುದ್ದಕ್ಕೂ ಫೋನು ಮಾಡಿದೆ! ಗೋಪುರದ ಕೆಳಗೇ ಕೂತು ಎತ್ತಲ್ಲ ಅಂದ್ರೆ..."

"ರಿಂಗಾದ್ರೆ ತಾನೆ ಎತ್ತೋದು? ಫೋನಿನ ಸೆನ್ಯಾಲ್ ಎಲ್ಲ ತಲೆ ಮೇಲೆ ಹಾರಿ ಊರಿಗೆ ಹೋಗುತ್ತೆ. ಸುತ್ತ ಏಳೂರಲ್ಲಿ ಫೋನು ಬಾಯಿ ಮುಚ್ಚಿಕೊಂಡಿರೋದು ಈ ಬುಡದಲ್ಲಿ ಮಾತ್ರ." ಅವಳು ಸರಿದು ಪಕ್ಕದಲ್ಲಿ ಜಾಗ ಮಾಡಿದಳು. "ವಾರವೆಲ್ಲ ನಿನ್ನ ಮಾತು ಕೇಳ್ತೀನಲ್ಲ. ಇಲ್ಲಿ ಒಂದಿಷ್ಟು ಹೊತ್ತು ಕೂತ್ರೆ, ಮತ್ತೆ ಕೇಳಬೇಕು ಅನ್ಸುತ್ತೆ."

ಮೇಷ್ಟರು ಉತ್ತರಿಸಲು ಬಾಯಿ ತೆರೆದರು, ಮುಚ್ಚಿ, ಕುಳಿತರು.

ಈ ಕಥೆ ಕೇಳಿದವರಿಗೆಲ್ಲ ಭಗವಂತನು ಮಾತನಾಡಲು ಒಂದು ಜೀವವನ್ನೂ, ಸುಮ್ಮನಿರಲು ಒಂದು ಬೆಟ್ಟವನ್ನೂ ಕರುಣಿಸಲಿ.