ಒತ್ತುವ ಮುನ್ನ

“ಹಾತ್ ಕಾಢ!” ಎಂದು ಅಂಬಾದಾಸ ಒದರಿದ ರಭಸಕ್ಕೆ ಭೀಮು ಮದರ್‌ಬೋರ್ಡ್ ಹಿಡಿದಿದ್ದ ಎಡಗೈಯನ್ನು ಥಟ್ಟನೆ ಹಿಂದಕ್ಕೆಳೆದುಕೊಂಡ. ಪ್ರೊಸೆಸರ್ ಕೂರಿಸಿ, ಅದರ ಪಕ್ಕದ ತಂತಿಯಂಥ ಪುಟ್ಟ ಹಿಡಿಕೆಯನ್ನು ಒತ್ತಬೇಕಿತ್ತು, ಅಷ್ಟೇ. ಕಿರುಬೆರಳನ್ನೂ ಜಜ್ಜುವಂಥದ್ದಲ್ಲ ಅದು. ಆದರೆ ಹಿಡಿಕೆ ಒತ್ತಿ ತಗಡಿನ ಪ್ರೆಸ್ ಯಂತ್ರ ಇಳಿಸುವ ಮುನ್ನ ಎದುರಿನವನಿಗೆ ಕೈ ತೆಗೆ ಎಂದು ಹಾಗೆ ಮರಾಠಿಯಲ್ಲಿ ಕೂಗುವುದು ಅವರ ಕಾರ್ಖಾನೆಯ ಕಟ್ಟಳೆ. ಹಿಡಿಕೆ ಕೈಗೆ ಸಿಕ್ಕಿದೊಡನೆ ಮಾತು ತಾನಾಗಿ ಬಾಯಿಗೆ ಬಂದಿತ್ತು.

ಭೀಮುವಿನ ಬಲಗೈ ಬೆರಳುಗಳು ಆ ಪ್ರೆಸ್ಸಿನಲ್ಲೇ ಹೋಗಿದ್ದವು. ಅಂದು ಪ್ರೆಸ್ ಇಳಿಸಿದವನು ಅಂಬಾದಾಸ. ‘ಅಂವಾ ಒದರಿದ್ದ, ನನಗ ಕೇಳಲಿಲ್ರಿ’ ಎಂದು ಭೀಮು ವಿಚಾರಣೆಯಲ್ಲಿ ಹೇಳಿದ್ದರಿಂದ ಅಂಬಾದಾಸನ ನೌಕರಿ ಉಳಿದಿತ್ತು. ಯಂತ್ರಗಳ ಆ ಗದ್ದಲದಲ್ಲಿ ತಾನು ಕೂಗಿದ್ದೋ ಇಲ್ಲವೋ ಇವನಿಗೆ ಗೊತ್ತಾಗಿರಲಿಕ್ಕಿಲ್ಲ ಎಂದುಕೊಂಡು ಅಂಬಾದಾಸ ಸುಮ್ಮನಿದ್ದ. ಕಂಪ್ಯೂಟರಿನಲ್ಲಿ ಎಡಗೈಯಲ್ಲೇ ಡ್ರಾಯಿಂಗ್ ಮಾಡುವ ಕೆಲಸ ಕಲಿಯಲು ಭೀಮು ಅದರ ಬಿಡಿಭಾಗ ತಂದಿದ್ದಾನೆಂದು ಕೇಳಿ, ಜೋಡಿಸಿಕೊಡಲು ನಿಗಡಿ ಬಡಾವಣೆಯಲ್ಲಿದ್ದ ಅವನ ಪುಟ್ಟ ಮನೆಗೆ ತಾನಾಗಿಯೇ ಬಂದಿದ್ದ.

ಚಹಾ ತಂದ ಭೀಮುವಿನ ಹೆಂಡತಿ ದುರ್ಗಾ ಬಾಗಿಲಲ್ಲೇ ನಿಂತಳು. “ಆವತ್ತೂ ಹಿಂಗ ಒದರಿದ್ರಂತಲ್ರೀ ಅಣ್ಣಾ. ನಮ್ಮವ್ರಿಗೇ ಕೇಳಲಿಲ್ಲ ನೋಡ್ರಿ,” ಎಂದು ಕಪ್ಪುಗಳನ್ನಿಟ್ಟು ಒಳಗೆ ಹೋದಳು.

ಅಂಬಾದಾಸ ತಲೆ ಎತ್ತಲಿಲ್ಲ. ಭೀಮು ಎಡಗೈಯನ್ನು ಮತ್ತೆ ಬೋರ್ಡಿನ ಅಂಚಿಗೆ, ಮೊದಲಿದ್ದಲ್ಲೇ ಇಟ್ಟ. ಅವಳ ಬಳೆಗಳ ಸದ್ದು ಒಲೆಯ ಹತ್ತಿರ ಕೇಳುವತನಕ ಕಾದ.

“ಇವತ್ತಾದ್ರೂ ಒದರಿದಿ,” ಎಂದ. “ಹೂಂ, ಒತ್ತು.”