ಹಸಿ ಹಲಗೆಯ ಬಣ್ಣ

ಊರು ಮುಳುಗಿ ಎಲ್ಲರೂ ದೋಣಿಯಲ್ಲೇ ಸಂಸಾರ ಹೂಡಿದ ಮೇಲೆ, ಹೆಣ್ಣು ನೋಡಲು ಬಂದವರು ಮೊದಲು ದೋಣಿಯ ತಳ ನೋಡುತ್ತಾರೆ. ಪುರುಸೊತ್ತಿದ್ದರೆ ಆಮೇಲೆ ಹುಡುಗಿಯನ್ನು. ನಮ್ಮ ದೋಣಿಯ ತಳ ಸೋರುತ್ತಿತ್ತು. ಹಲಗೆ ಒಣಗಿಸಿ ಸಂದಿಗೆ ಹತ್ತಿ ತುರುಕೋಣವೆಂದೆ.

"ಸುಮ್ನಿರೇ ಮಾರಾಯ್ತಿ, ಅವ್ರು ಬಪ್ಪ ಹೊತ್ತಾಯ್ತ್" ಎಂದು ಅಪ್ಪ ಹಸಿ ಹಲಗೆಯ ಮೇಲೆಯೇ ನೀಲಿ ಬಣ್ಣ ಬಳಿದ.

ಹುಡುಗನ ತಾಯಿ ಬೇಬಿಯಕ್ಕ ತಳಕ್ಕಿಳಿದು ಹೆಬ್ಬೆರಳಿನಿಂದ ಒತ್ತಿ ನೋಡಿದರು. ಬಣ್ಣ ಸಿಪ್ಪೆಯಂತೆ ಎದ್ದು ಬಂತು, ಹಿಂದೆಯೇ ನೀರು ಜಿನುಗಿತು. ಅಪ್ಪನ ಮುಖ ಬಿಳಿಚಿತು.

ಬೇಬಿಯಕ್ಕ ಸಿಪ್ಪೆಯನ್ನು ಮೆಲ್ಲಗೆ ಮತ್ತೆ ಅಂಟಿಸಿ ನಕ್ಕರು. "ಲಾಯ್ಕ್ ಬಣ್ಣ ಮಾರ್ರೆ! ನಮ್ ದೋಣಿಗೂ ಮೊನ್ನೆ ಇದನ್ನೇ ಹೊಡ್ದದ್."

ಅಪ್ಪ ಖುಷಿಯಿಂದ ವೀಳ್ಯದೆಲೆಗೆ ಕೈಹಾಕಿದ. ಹೊರಗಿನವರ ಮುಂದೆ ನಾನು ಬಾಯಿಬಿಟ್ಟಿದ್ದು ಅದೇ ಮೊದಲು:

"ಅಪ್ಪಾ, ನಂಗೆ ಮದುವೆ ಸೀರೆ ಬ್ಯಾಡ. ಎರಡೂ ದೋಣಿಗೆ ಸಾಲುವಷ್ಟು ಹತ್ತಿ ಕೊಡ್ಸು."