ಮಾವನ ಹೊಂಡಗಳು

"ಎರಡು ಡಿಸ್ಕನ್ನೂ ಅಳಿಸಿದ್ದು ತಾನೇ ಅಂತ ನಿನ್ನ ಮಾವ ಒಪ್ಕೋತಾನಂತೆ. ಸಂಜೆ ಮನೆಗೆ ಬರ್ತಾನೆ. ಇನ್ನಾದರೂ ಮುಗಿಸಿಬಿಡೇ," ಎಂದಳು ಅಮ್ಮ.

ಮಗಳು ಕಚೇರಿಯ ಸರ್ವರ್ ಕೋಣೆಯ ನೆಲದ ಮೇಲೆ ಕೂತಿದ್ದಳು. ಕಿವಿಗೂ ಭುಜಕ್ಕೂ ನಡುವೆ ಫೋನು, ತೊಡೆಯ ಮೇಲೆ ಕೀಬೋರ್ಡು.

"ಬಾಯಿಬಿಟ್ಟು ಹೇಳ್ತಾರಾ?"

"ಹೇಳ್ತಾನೆ. ಕ್ಷಮೆಯನ್ನೂ ಕೇಳ್ತಾನಂತೆ. ನಿನಗೆ ಕೆಲಸ ಕಲಿಸಿದವನು ಕಣೇ, ಇನ್ನೇನು ಕಾಲಿಗೆ ಬೀಳಬೇಕಾ?"

"ಅಷ್ಟು ಹೇಳಿದ್ರೆ ಸಾಕು," ಎಂದಳು. ಆರು ವರ್ಷ ಹಟ ಹಿಡಿದು ಅವಳಿಗೂ ಸುಸ್ತಾಗಿತ್ತು.

ನೀರು ಸರಬರಾಜು ಕಚೇರಿಯಲ್ಲಿ ಆ ಕಥೆ ಗೊತ್ತಿಲ್ಲದವರಿಲ್ಲ. ಊರಿನ ನೆಲದಡಿ ಯಾವ ಕೊಳವೆ ಎಲ್ಲಿ ಹೋಗುತ್ತದೆ ಎಂಬ ನಕ್ಷೆಗಳೆಲ್ಲ ಆಗ ಸರ್ವರಿಗೆ ಹೊರಗಿನಿಂದ ಕೇಬಲಿನಲ್ಲಿ ತಗುಲಿಸಿದ್ದ ಪೆಟ್ಟಿಗೆಯ ಒಂದೇ ಡಿಸ್ಕಿನಲ್ಲಿದ್ದವು. ಅವಕ್ಕೊಂದು ಪ್ರತಿ ಇರಲೆಂದು ಮಾವ ಅಷ್ಟೇ ಗಾತ್ರದ ಇನ್ನೊಂದು ಖಾಲಿ ಡಿಸ್ಕನ್ನು ಸರ್ವರಿಗೆ ಜೋಡಿಸಲು ಹೊರಟಿದ್ದರು. ಮಾವ ಅಂದರೆ ಅಮ್ಮನ ತಮ್ಮ, ಅಂದಿನ ಸರ್ವರ್ ಉಸ್ತುವಾರಿ. ಇವಳು ಅವರ ಕೈಕೆಳಗೆ ಸೇರಿ ಹದಿನೈದು ದಿನವಾಗಿತ್ತು.

ತೆರೆಯ ಮೇಲೆ ಎರಡು ಡಿಸ್ಕ್ ಮೂಡಿದಾಗ ಅವಳು ಪಕ್ಕದಲ್ಲೇ ಇದ್ದಳು. ಮೊದಲನೆಯದು ನಕ್ಷೆಯದು, ಎರಡನೆಯದು ಹೊಸದು. ಮಾವ ಎರಡನೆಯದನ್ನು ಫಾರ್ಮ್ಯಾಟ್ ಮಾಡಿದರು, ಅಂದರೆ ಪೂರ್ತಿ ಅಳಿಸಿ ಬಳಕೆಗೆ ಅಣಿಮಾಡಿದರು. ನಕ್ಷೆಗಳು ಮಾಯವಾದವು.

"ನಾನು ಮುಟ್ಟಿದ್ದು ಒಂದನ್ನೇ!" ಎಂದು ಮಾವ ಮಧ್ಯಾಹ್ನವೆಲ್ಲ ಕೂಗಾಡಿದರು. ಸಂಜೆ ಎಲ್ಲರೂ ಹೊರಟ ಮೇಲೂ ಟಾರ್ಚ್ ಹಿಡಿದು ಸರ್ವರಿನ ರ‍್ಯಾಕಿನ ಹಿಂದೆ ನಿಂತೇ ಇದ್ದರು. ಮರುದಿನ ವಿಚಾರಣೆಗೆ ಬರುವಷ್ಟರಲ್ಲಿ ಬಾಯಿಗೆ ಬೀಗ ಬಿದ್ದಿತ್ತು. "ತಪ್ಪು ನನ್ನದೇ" ಎಂದರು, ಅಷ್ಟೇ. ಹೇಗಾಯಿತೆಂದು ಕೇಳಿದರೆ ನೆಲ ನೋಡಿದರು.

ಆಮೇಲೆ ವಿಚಾರಣೆಯವರು ಇವಳನ್ನು ಕರೆದರು. ಕಂಡದ್ದನ್ನೇ ಹೇಳಿದಳು. "ಎರಡಿದ್ದವು, ನಾನೇ ನೋಡಿದೆ. ಒಂದನ್ನೇ ಮುಟ್ಟಿದ್ದರೆ ಇನ್ನೊಂದು ಹೇಗೆ ಹೋಗತ್ತೆ?" ಅಧಿಕಾರಿಗಳು ತಲೆಯಾಡಿಸಿದರು. ಮಾವನನ್ನು ಕೆಲಸದಿಂದ ತೆಗೆದು ಮನೆಗೆ ಕಳಿಸಿದರು.

ಅವಳಿಗೆ ಉರಿದದ್ದು ನಕ್ಷೆ ಹೋದದ್ದಕ್ಕಲ್ಲ, ಸುಳ್ಳಿಗೆ. ಆ ದಿನ ಅವಳೇನೂ ಕೈಕಟ್ಟಿ ಕೂತಿರಲಿಲ್ಲ. ಬೆಳಗಿನಿಂದ ಧೂಳು ಒರೆಸಿದ್ದು, ಹೆಸರಿನ ಚೀಟಿ ಅಂಟಿಸಿದ್ದು, ರ‍್ಯಾಕಿನ ಹಿಂದೆ ನೇತಾಡುತ್ತಿದ್ದ ವೈರುಗಳನ್ನೆಲ್ಲ ಅಚ್ಚುಕಟ್ಟಾಗಿ ಸಿಕ್ಕಿಸಿದ್ದು ಅವಳೇ. ಮಾವನಿಗೆ ಉಳಿದಿದ್ದದ್ದು ಒಂದೇ ಕೆಲಸ. ಅದನ್ನೂ ಕೆಡಿಸಿ, ಸ್ವಂತ ಅಕ್ಕನ ಮಗಳ ಎದುರು ಇಲ್ಲದ್ದನ್ನು ಹೇಳಿದರು.

ಅಲ್ಲಿಂದೀಚೆಗೆ ಊರಿನಲ್ಲಿ ಕೊಳವೆ ಒಡೆದರೆ ಅಂದಾಜಿನ ಮೇಲೆ ಅಗೆತ. ಒಂದು ಸೋರಿಕೆಗೆ ನಾಲ್ಕು ಹೊಂಡ. "ನಿಮ್ಮ ಮಾವನ ಹೊಂಡ ನಮ್ಮ ಬೀದಿಗೂ ಬಂತಲ್ರೀ," ಎಂದು ಮೀಟರ್ ಓದುವವರು ಕಾಲೆಳೆಯುತ್ತಿದ್ದರು. ಇವತ್ತು ಬೆಳಿಗ್ಗೆ ಕೂಡ ಅವಳು ಹಲಗೆಯ ಮೇಲೆ ಕಾಲಿಟ್ಟು, ಸೀರೆ ಎತ್ತಿ ಹಿಡಿದು, ಅಂಥದ್ದೊಂದನ್ನು ದಾಟಿ ಬಂದಿದ್ದಳು. ಆ ದಿನದ ನಂತರ ಇಲಾಖೆ ಹೊರಗಿನ ಡಿಸ್ಕ್ ಪೆಟ್ಟಿಗೆಯ ಸಹವಾಸವೇ ಬೇಡವೆಂದು ಸರ್ವರಿನೊಳಗಿನ ಡಿಸ್ಕುಗಳಲ್ಲೇ ದಿನ ದೂಡಿತ್ತು. ಬೀದಿ ಬೀದಿ ಅಳೆದು ಮತ್ತೆ ಬರೆದ ನಕ್ಷೆಗಳಿಗೆ ಈಗ ಅಲ್ಲಿ ಜಾಗ ಸಾಲದಾದಾಗ ಹೊಸ ಪೆಟ್ಟಿಗೆ ತರಿಸಲೇಬೇಕಾಯಿತು.

ಪೆಟ್ಟಿಗೆ ತಂದ ಕಂಪನಿಯ ಎಂಜಿನಿಯರು ರ‍್ಯಾಕಿನ ಹಿಂದಿನಿಂದ ಕೈ ಕೊಡವಿಕೊಳ್ಳುತ್ತಾ ಬಂದರು. ನರೆತ ಮೀಸೆ, ಆಕಳಿಕೆ. ಇದು ಅವರಿಗೆ ಎಷ್ಟನೇ ಪೆಟ್ಟಿಗೆಯೋ.

"ನೋಡಿ ಮೇಡಂ, ಬಂತಾ?"

ಹೊಸ ಡಿಸ್ಕ್ ಹುಡುಕುವಂತೆ ಸರ್ವರಿಗೆ ಹೇಳಿದಳು. ಪಟ್ಟಿ ಬಂತು. ಎರಡು ಡಿಸ್ಕ್. ಗಾತ್ರ ಕೊನೆಯ ಅಂಕಿಯವರೆಗೂ ಒಂದೇ.

"ನಾನು ಕೇಳಿದ್ದು ಒಂದು. ಎರಡು ಕೊಟ್ಟಿದ್ದೀರಿ."

"ಒಂದೇ ಕೊಟ್ಟಿರೋದು."

"ನನಗೇನು ಕಣ್ಣು ಕಾಣಲ್ವಾ?"

ಎಂಜಿನಿಯರು ನಕ್ಕರು. "ಡಿಸ್ಕ್ ಒಂದೇ ಮೇಡಂ. ಕೇಬಲ್ ಎರಡು ಹಾಕಿದೀನಿ, ಒಂದು ಕೈಕೊಟ್ರೆ ಇನ್ನೊಂದಿರಲಿ ಅಂತ. ಮುಂಬಾಗಿಲಿಂದ ನೋಡಿ ಒಂದು ಮನೆ, ಹಿತ್ತಿಲಿಂದ ನೋಡಿ ಇನ್ನೊಂದು ಮನೆ ಅಂದ್ಕೊಂಡಿದೆ ಸರ್ವರ್. ಎರಡೂ ಒಂದೇ ಅಂತ ತಿಳಿಸೋ ಸಾಫ್ಟ್‌ವೇರ್ ಇನ್ನೂ ಹಾಕಿಲ್ಲ, ಅಷ್ಟೇ."

"ಈಗ ಇದರಲ್ಲಿ ಒಂದನ್ನ ಫಾರ್ಮ್ಯಾಟ್ ಮಾಡಿದ್ರೆ?"

"ಎರಡೂ ಹೋಗತ್ತೆ. ಇರೋದೇ ಒಂದಲ್ವಾ?"

ಅವಳು ಕೀಬೋರ್ಡನ್ನು ನೆಲಕ್ಕಿಟ್ಟಳು. ಮಾವ ಸುಳ್ಳು ಹೇಳಿರಲಿಲ್ಲ. ಅಂದು ತೆರೆಯ ಮೇಲೆ ಕಂಡ ಎರಡೂ ನಕ್ಷೆಯ ಡಿಸ್ಕೇ; ಅವರು ಕಾಯುತ್ತಿದ್ದ ಖಾಲಿ ಡಿಸ್ಕ್ ಸರ್ವರಿಗೆ ತಲುಪಿಯೇ ಇರಲಿಲ್ಲ. ಪಾಪ, ಎರಡು ಕೇಬಲ್ ಹಾಕಿಕೊಂಡು, ತಿಳಿಯದೆ ತಾವೇ ಮೋಸಹೋಗಿದ್ದರು. ಯಾರ ಕೈಯಲ್ಲಾದರೂ ಆಗಬಹುದಾದ ತಪ್ಪು. ಅದಕ್ಕೆ ಆರು ವರ್ಷ ಮುಖ ತಿರುಗಿಸಿಕೊಂಡು ಓಡಾಡಿದ್ದಳು. ಅವಳಿಗೆ ತನ್ನ ಮೇಲೇ ಹೇಸಿಗೆಯಾಯಿತು. ಇವತ್ತೇ, ಈಗಲೇ ಕ್ಷಮಿಸಿಬಿಡಬೇಕು ಎಂದುಕೊಂಡಳು.

ಮನೆಗೆ ಫೋನ್ ಮಾಡಿದಳು. ಮಾವ ಆಗಲೇ ಬಂದು ಕೂತಿದ್ದರು.

"ಪುಟ್ಟೀ," ಎಂದರು. ದನಿ ಸೋತಿತ್ತು. ಪಾಠ ಒಪ್ಪಿಸುವವರ ಹಾಗೆ ಒಂದೇ ಉಸಿರಿಗೆ ಹೇಳಿದರು. "ಎರಡನ್ನೂ ಅಳಿಸಿದ್ದು ನಾನೇ. ಸುಳ್ಳು ಹೇಳಿದೆ. ಕ್ಷಮಿಸಿಬಿಡು."

"ಬೇಡ ಮಾವ. ಇದ್ದದ್ದು ಒಂದೇ ಡಿಸ್ಕ್. ಕೇಬಲ್ ಎರಡಿತ್ತು. ನನಗೆ ಎಲ್ಲಾ ಗೊತ್ತಾಯ್ತು."

ಆ ಕಡೆ ಮಾವ ಎದ್ದು ಹೋಗಿ ಬಾಗಿಲು ಮುಚ್ಚಿದ ಸದ್ದು ಕೇಳಿಸಿತು.

"ಆ ಎರಡನೇ ಕೇಬಲನ್ನ ಅವತ್ತು ಸಂಜೆನೇ ಕಿತ್ತು ಬಚ್ಚಿಟ್ಟಿದ್ದೆನಲ್ಲ," ಎಂದರು ಮಾವ. "ಅದನ್ನ ಸಿಕ್ಕಿಸಿದ್ದು ನೀನು ಅಂತ ನಿನಗೆ ಯಾರು ಹೇಳಿದ್ರು?"